ರಾಮಾ ನಾಯಕರ ಊಟ ಮತ್ತು ನಮ್ಮ ಮಾಸ್ಟ್ರು

ಮುಂಬಯಿಯ ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್‌ನಲ್ಲಿ ಪೂರ್ವಕ್ಕೆ ಇಳಿದರೆ ಪಕ್ಕದಲ್ಲೇ ಮೊದಲ ಮಹಡಿ. ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಬಾಳೆಎಲೆ ಊಟದ ಹೋಟೆಲು. 1942ರಲ್ಲಿ ಶುರುವಾದದ್ದು.

ಕಳೆದ ಭಾನುವಾರ ಒಬ್ಬಳೇ ಹೋಗಿದ್ದೆ. ಮೊದಲೆಲ್ಲ ನಮ್ಮ ಮಾಸ್ಟ್ರ ಜೊತೆ ಹೋಗುತ್ತಿದ್ದೆ. ಮುನಿಸಿಪಾಲಿಟಿ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು, ಕುಂದಾಪುರದ ಕಡೆಯವರು. ಕೊನೆಯ ಒಂಬತ್ತು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಮಿಕ್ಕ ದಿನ ಮನೆಯಲ್ಲಿ ಮಕ್ಕಳಿಗೆ ಪಾಠ.

ಕಿಡ್ನಿ ಸೋತವರಿಗೆ ಸಾರೂ ನೀರಿನ ಲೆಕ್ಕವೇ. ಮಜ್ಜಿಗೆ, ಸಾಂಬಾರು, ಪಾಯಸ, ಚಹಾ ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ದಾಟಬಾರದು ಅಂತ ಅವರ ಡಾಕ್ಟರು ಹೇಳಿದ್ದರು. ಉಪ್ಪಿನಕಾಯಿ, ಹಪ್ಪಳ ಬೇಡವೇ ಬೇಡ. ಮತ್ತೆ ಬಾಳೆಎಲೆ ಊಟಕ್ಕೆ ಯಾಕೆ ಬರಬೇಕು ಅಲ್ವಾ? ನಾನೂ ಕೇಳಿದ್ದೆ. "ಎಲೆ ಮುಂದೆ ಕೂತ್ರೆ ಅಮ್ಮ ಬಡಿಸಿದ ಹಾಗೆ ಆಗ್ತದೆ ಮಾರಾಯ್ತಿ" ಅಂದರು.

ಬಿಸಿ ಅನ್ನ, ತುಪ್ಪ, ಎರಡೇ ಚಮಚ ತಿಳಿಸಾರು. ಅಷ್ಟನ್ನೇ ಅರ್ಧ ಗಂಟೆ ಉಣ್ಣುತ್ತಿದ್ದರು. ಬಡಿಸುವವರು ಒಂದು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಮಜ್ಜಿಗೆ ಲೋಟ ಅವರ ಮುಂದೆ ಇಡಲೇ ಇಲ್ಲ. ಬೇಗ ಏಳಿ ಅಂತ ಯಾರೂ ಅನ್ನಲಿಲ್ಲ. ನನಗೆ ಇಲ್ಲಿನ ರುಚಿಗಿಂತ ಇದೇ ಜಾಸ್ತಿ.

ರುಚಿ ಹಾಗೇ ಇದೆ. ಮಧ್ಯಾಹ್ನ ಜನ ಜಾಸ್ತಿ, ಸ್ವಲ್ಪ ಬೇಗ ಹೋಗಿ. ತಿಳಿಸಾರನ್ನು ಅನ್ನದ ಜೊತೆ ಮುಗಿಸಬೇಡಿ, ಕೊನೆಗೆ ಒಂದು ಲೋಟ ಸುಮ್ನೆ ಕುಡಿಯಿರಿ. ಮಾಸ್ಟ್ರು ನನಗೆ ಹಾಗೇ ಕುಡಿಸಿ, ಎದುರು ಕೂತು ನೋಡುತ್ತಿದ್ದರು.