ಹತ್ತಿ, ನಾರು, ಫೋಮ್: ಯಾವ ಹಾಸಿಗೆ ತಗೊಳ್ಳೋದು?

ಬೆನ್ನು ನೋವಿದ್ದರೆ ಕಲ್ಲಿನಂಥ ಹಾಸಿಗೆಯೇ ಬೇಕು ಅನ್ನುವವರು ಜಾಸ್ತಿ. ಆದರೆ ಮಧ್ಯಮ ಗಟ್ಟಿಯದೇ ಹೆಚ್ಚಿನವರಿಗೆ ಹಿತ.

ಹತ್ತಿ ಹಾಸಿಗೆ ತಂಪು. ಆದರೆ ಗಂಟು ಕಟ್ಟುತ್ತದೆ, ಆಗಾಗ ಬಿಸಿಲಿಗೆ ಹಾಕಬೇಕು, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಬೇಕು. ಹಿಂಜುವವರು ಹತ್ತಿರದಲ್ಲಿ ಇಲ್ಲದಿದ್ದರೆ ಕಷ್ಟ ಅಲ್ವಾ?

ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ, ಒತ್ತಿ ಮಾಡಿದ್ದು ಕಾಯರ್ ಹಾಸಿಗೆ. ಗಟ್ಟಿ ಇರುತ್ತದೆ, ಒಳಗೆ ಗಾಳಿ ಆಡುತ್ತದೆ. ಮಂಗಳೂರು, ರಾಯಚೂರಿನ ಸೆಕೆಗೆ ನನ್ನ ಓಟು ಇದಕ್ಕೇ. ವರ್ಷ ಕಳೆದಂತೆ ಮಲಗುವ ಜಾಗ ತಗ್ಗಾಗುತ್ತದೆ. ಹಾಗಾಗಿ ತಲೆಕಡೆ, ಕಾಲುಕಡೆ ಬದಲಿಸಿ ಹಾಕುತ್ತಿರಿ.

ಮೆಮೊರಿ ಫೋಮ್ ಮೈ ಬಿಸಿಗೆ ಮೆತ್ತಗಾಗಿ ಹೆಗಲು, ಸೊಂಟಕ್ಕೆ ಒಗ್ಗುತ್ತದೆ. ಮಗ್ಗುಲಾಗಿ ಮಲಗುವವರಿಗೆ ಇದು ನಿಜಕ್ಕೂ ಸುಖ. ಪಕ್ಕದವರು ಹೊರಳಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಶಾಖ ಹಿಡಿದಿಡುತ್ತದೆ. ಕೊಳ್ಳುವಾಗ ಡೆನ್ಸಿಟಿ ಕೇಳಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಅಂತ. ತೀರಾ ಕಡಿಮೆ ಇದ್ದರೆ ಬೇಗ ಕುಸಿಯುತ್ತದೆ.

ಅಂಗಡಿಯಲ್ಲಿ ಸುಮ್ನೆ ಕೈಯಿಂದ ಒತ್ತಿ ನೋಡಿದರೆ ಸಾಲದು. ಚಪ್ಪಲಿ ಬಿಟ್ಟು, ರಾತ್ರಿ ಮಲಗುವ ಹಾಗೇ ಹತ್ತು ನಿಮಿಷ ಮಲಗಿ. ಮನೆಯಿಂದ ಹೊರಡುವ ಮೊದಲೇ ಮಂಚದ ಒಳ ಅಳತೆ ತಗೊಳ್ಳಿ. ಹಾಸಿಗೆಗಳು 72, 75, 78 ಇಂಚು ಉದ್ದದಲ್ಲಿ ಸಿಗುತ್ತವೆ.