ಸ್ಟೀರಾಯ್ಡ್ ಮಾತ್ರೆ ಒಂದೇ ಸಲ ಬಿಟ್ಟೆ, ದಯವಿಟ್ಟು ನೀವು ಹಾಗೆ ಮಾಡಬೇಡಿ

ಆಮವಾತಕ್ಕೋ ಅಸ್ತಮಾಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ.

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನನಗೆ ರುಮಟಾಯ್ಡ್ ಆರ್ಥರೈಟಿಸ್, ನಮ್ಮ ಕಡೆ ಆಮವಾತ ಅಂತಾರಲ್ಲ, ಅದೇ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲ. ಹಾಸನದಲ್ಲಿ ತೋರಿಸಿದಾಗ ಡಾಕ್ಟರು ವಾರಕ್ಕೊಂದು ಸಲ ಆಮವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್, ದಿನಾ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬರೆದರು. 'ಈ ಪ್ರೆಡ್ನಿಸೋಲೋನ್ ನಿಧಾನಕ್ಕೆ ಇಳಿಸಬೇಕು, ತಪ್ಪದೆ ಬನ್ನಿ' ಅಂತಲೂ ಹೇಳಿದ್ದರು. ನೋವು ಹೋಯಿತು. ನಾನು ಹೋಗೋದನ್ನೂ ಬಿಟ್ಟೆ. ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಎರಡು ವರ್ಷ ನುಂಗಿದೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಖ ದುಂಡಗಾಯಿತು. ಒಂದು ಮದುವೆಯಲ್ಲಿ ನಮ್ಮ ಅತ್ತಿಗೆ 'ಏನೇ ಇದು, ಮುಖ ಹೀಗೆ ಊದಿದೆ? ಸ್ಟೀರಾಯ್ಡ್ ತಿಂದ್ರೆ ಮೂಳೆ ಸವೆಯುತ್ತಂತೆ' ಅಂದರು. ಅದು ಸುಳ್ಳಲ್ಲ. ಮೂಳೆ ಸವೆಯುತ್ತೆ, ಶುಗರ್ ಏರುತ್ತೆ, ಕಣ್ಣಿಗೆ ಪೊರೆ ಬರಬಹುದು. ಅಲ್ಲೇ ಯಾರೋ ನಾಟಿ ಔಷಧಿ ಕೊಡುವವರ ವಿಳಾಸ ಕೊಟ್ಟರು. ಅವರು ಪುಡಿ ಕಟ್ಟಿಕೊಟ್ಟು 'ಇಂಗ್ಲಿಷ್ ಮಾತ್ರೆ ಪೂರ್ತಿ ಬಿಟ್ಟರೆ ಮಾತ್ರ ಇದು ಹತ್ತೋದು' ಅಂದರು. ಮಾರನೇ ದಿನದಿಂದಲೇ ಎಲ್ಲ ನಿಲ್ಲಿಸಿದೆ. ಹೆಚ್ಚಂದ್ರೆ ಗಂಟು ನೋವು ವಾಪಸ್ ಬರುತ್ತೆ, ತಡ್ಕೊಂಡ್ರಾಯ್ತು ಅಂದುಕೊಂಡಿದ್ದೆ.

ಬಂದದ್ದು ಬೇರೆಯೇ. ಮೂರನೇ ದಿನ ಮೈಕೈ ಸೋತು ಹೋಯಿತು. ಕುಯ್ಲಿನ ಸಮಯ, ಕೆಲಸ ಜಾಸ್ತಿ, ಅದಕ್ಕೇ ಇರಬೇಕು ಅಂತ ಸುಮ್ನಿದ್ದೆ. ಬಾಚಣಿಗೆ ಎತ್ತಿ ತಲೆ ಬಾಚಿಕೊಳ್ಳೋಕೂ ಆಗದೆ ಮಂಚದ ಮೇಲೆ ಕೂತುಬಿಟ್ಟೆ. ಊಟ ಸೇರಲಿಲ್ಲ. ಆರನೇ ದಿನ ವಾಂತಿ ಶುರುವಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸ್ಟೀರಾಯ್ಡ್ ಬಿಟ್ಟ ವಿಷಯ ನಾನು ಅಲ್ಲಿ ಬಾಯಿಬಿಡಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಮಾರನೇ ಬೆಳಿಗ್ಗೆ ಕಣದಲ್ಲಿ ಕಾಫಿ ಹರವೋಕೆ ಬಗ್ಗಿದವಳು ಎದ್ದು ನಿಂತೆ, ಕಣ್ಣು ಕತ್ತಲೆ ಬಂತು. ಆಮೇಲೆ ನೆನಪಿಲ್ಲ.

ಚಿಕ್ಕಮಗಳೂರಿಗೆ ಕರ್ಕೊಂಡು ಹೋದಾಗ ಬಿಪಿ 80ಕ್ಕೆ 50, ಶುಗರ್ ಕೂಡ ತೀರಾ ಕಮ್ಮಿ. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಆಕೆ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, 'ಯಾವುದಾದರೂ ಮಾತ್ರೆ ತಗೊಳ್ತಾ ಇದ್ದು ನಿಲ್ಲಿಸಿದ್ರಾ?' ನಮ್ಮನೆಯವರು ಜೇಬಿನಿಂದ ಆ ಹಳೇ ಚೀಟಿ ತೆಗೆದು ಕೊಟ್ಟರು. ತಕ್ಷಣ ಡ್ರಿಪ್ ಏರಿಸಿ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ 100 ಮಿಲಿಗ್ರಾಂ ಕೊಟ್ಟರಂತೆ. ಸಂಜೆ ಹೊತ್ತಿಗೆ ನಾನು ಎದ್ದು ಕೂತು ಗಂಜಿ ಕುಡಿದೆ.

ಆಕೆ ಬಿಡಿಸಿ ಹೇಳಿದ್ದು ಇಷ್ಟು. ಎರಡು ಕಿಡ್ನಿಗಳ ಮೇಲೂ ಟೋಪಿ ಇಟ್ಟ ಹಾಗೆ ಅಡ್ರಿನಲ್ ಅನ್ನೋ ಗ್ರಂಥಿ ಇದೆ. ಮೈಗೆ ಬೇಕಾದ ಕಾರ್ಟಿಸಾಲ್, ಅಂದ್ರೆ ಮೈಯದೇ ಸ್ವಂತ ಸ್ಟೀರಾಯ್ಡ್, ಅಲ್ಲೇ ತಯಾರಾಗೋದು. ಬಿಪಿ, ಶುಗರ್ ಹಿಡಿದು ನಿಲ್ಲಿಸೋದರಲ್ಲಿ ಅದರ ಪಾತ್ರ ದೊಡ್ಡದು. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬರ್ತಾ ಇದ್ದರೆ ಮಿದುಳು 'ಸಾಕಷ್ಟಿದೆ' ಅಂತ ಆ ಗ್ರಂಥಿಗೆ ಕೆಲಸ ಹೇಳೋದನ್ನೇ ನಿಲ್ಲಿಸುತ್ತೆ. ಗ್ರಂಥಿ ಮಲಗಿಬಿಡುತ್ತೆ. ಮಾತ್ರೆ ಬಿಟ್ಟ ಕೂಡಲೇ ಅದು ಏಳಲ್ಲ, ತಿಂಗಳುಗಳೇ ಬೇಕು. ಆ ಮಧ್ಯೆ ಮೈಯಲ್ಲಿ ಬೇಕಾದಷ್ಟು ಕಾರ್ಟಿಸಾಲ್ ಇರಲ್ಲ. ಜ್ವರವೋ ಆಪರೇಷನ್ನೋ ಸೇರಿಕೊಂಡರೆ ಪ್ರಾಣಕ್ಕೇ ಕುತ್ತು.

ಈಗ ಮತ್ತೆ ಹಾಸನದ ಡಾಕ್ಟರ ಹತ್ತಿರವೇ ಹೋಗ್ತಿದ್ದೇನೆ. ಪುನಃ 10ರಿಂದ ಶುರು ಮಾಡಿ, ಏಳೂವರೆ, ಆಮೇಲೆ 5. ಐದರಿಂದ ಕೆಳಗೆ ಬಂದ ಮೇಲಂತೂ ತಿಂಗಳಿಗೆ ಒಂದೇ ಮಿಲಿಗ್ರಾಂ. ಇದು ನನಗೆ ಹಾಕಿದ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಬೇಕು. ಗ್ರಂಥಿ ಎದ್ದಿದೆಯಾ ಅಂತ ನೋಡೋಕೆ ಬೆಳಿಗ್ಗೆ 8ರ ಸುಮಾರಿಗೆ ರಕ್ತದ ಕಾರ್ಟಿಸಾಲ್ ಟೆಸ್ಟ್ ಮಾಡ್ತಾರೆ. ಇಳಿಸುವಾಗ ಮೈಕೈ ನೋವು ಬಂದರೆ ಅದೆಲ್ಲ ಕಾಯಿಲೆ ಮರುಕಳಿಸಿದ್ದೇ ಆಗಿರಬೇಕಿಲ್ಲ, ಹೆದರಿ ನೀವೇ ಏರಿಸಬೇಡಿ, ಫೋನ್ ಮಾಡಿ ಕೇಳಿ. ಜ್ವರ ಬಂದರೆ ಮಾತ್ರೆ ಎಷ್ಟು ಹೆಚ್ಚಿಸಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ಇಂಜೆಕ್ಷನ್ನೇ ಬೇಕು, ಸೀದಾ ಆಸ್ಪತ್ರೆಗೆ ಹೋಗಿ.

ನನ್ನ ಪರ್ಸಿನಲ್ಲಿ ಈಗ ಒಂದು ಚೀಟಿ ಇದೆ. 'ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆ, ನಿಲ್ಲಿಸಬಾರದು' ಅಂತ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಮಾತ್ರೆ ಹೆಸರು, ಈ ತಿಂಗಳ ಡೋಸು ಬರೆದಿದ್ದೇನೆ. ಅದರ ಫೋಟೋ ನಮ್ಮನೆಯವರ ಫೋನಿನಲ್ಲೂ ಇದೆ, ಮಗಳ ಫೋನಿನಲ್ಲೂ ಇದೆ.