ಎಡಿಯಸ್, ಪ್ರೀಮಿಯರ್, ರಿಸಾಲ್ವ್: ಒಂದೇ ಮದುವೆಯನ್ನು ಮೂರರಲ್ಲೂ ಕಟ್ ಮಾಡಿ ನೋಡಿದೆ

ಬಾಗಲಕೋಟೆಯ ನವನಗರದಲ್ಲಿ ಎಡಿಟಿಂಗ್ ಮಾಡಿಕೊಂಡಿರುವ ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳುವುದು ಒಂದೇ ಮಾತು: "ಅಣ್ಣಾರ, ಯಾವ ಸಾಫ್ಟ್‌ವೇರ್ ಕಲೀಬೇಕ್ರಿ?" ಯೂಟ್ಯೂಬ್‌ನಲ್ಲಿ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರವರ ಕೆಲಸಕ್ಕೆ ಅದು ಸರಿಯೇ ಇರಬಹುದು. ಆದರೆ ನಮ್ಮ ಕಡೆಯ ಕೆಲಸದ ರೀತಿಯೇ ಬೇರೆ. ಅರಿಷಿಣದಿಂದ ಹಿಡಿದು ಹೆಣ್ಣು ಒಪ್ಪಿಸುವ ತನಕ ಎಲ್ಲವೂ ವಿಡಿಯೋದಲ್ಲಿ ಬರಬೇಕು. ಮೂರು ಕ್ಯಾಮೆರಾ, ಒಂದು ಡ್ರೋನ್, ಜೊತೆಗೆ ಬೀಗರು ವಾಟ್ಸಾಪ್‌ನಲ್ಲಿ ಕಳಿಸಿದ ಮೊಬೈಲ್ ಕ್ಲಿಪ್ಪುಗಳು. ಸೀಸನ್ ಮುಗಿದರೆ ಮುಧೋಳ, ಜಮಖಂಡಿ ಕಡೆಯಿಂದ ಜಾನಪದ ಹಾಡಿನ ಕೆಲಸ ಬರುತ್ತದೆ.

ಅದಕ್ಕೇ ಗುಳೇದಗುಡ್ಡ ಕಡೆಯ ಒಂದು ಮದುವೆಯ ಫುಟೇಜ್ ತಗೊಂಡು ಎಡಿಯಸ್, ಅಡೋಬಿಯ ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಈ ಮೂರು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಕೂರಿಸಿ ನೋಡಿದೆ. ಅಕ್ಷತೆಯ ಪೂರ್ತಿ ಭಾಗ, ಜೊತೆಗೆ ಹಾಡಿಗೆ ಕಟ್ ಮಾಡಿದ ಒಂದು ಹೈಲೈಟ್. ಮಷಿನ್ ಒಂದೇ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ನಮ್ಮೂರ ಸಣ್ಣ ಸ್ಟುಡಿಯೋಗಳಲ್ಲಿ ಇದಕ್ಕಿಂತ ದೊಡ್ಡ ಮಷಿನ್ ಜಾಸ್ತಿ ಕಾಣುವುದಿಲ್ಲ.

ಮೊದಲು ಎಡಿಯಸ್. ಜಪಾನಿನ ಕ್ಯಾನೋಪಸ್ ಕಂಪನಿ ಮಾಡಿದ್ದು, ಆಮೇಲೆ ಗ್ರಾಸ್ ವ್ಯಾಲಿ ಕೈಗೆ ಬಂತು. ಮದುವೆ ಸ್ಟುಡಿಯೋಗಳು ಇದನ್ನು ಇನ್ನೂ ಬಿಟ್ಟಿಲ್ಲ ಅಂದರೆ ಅದಕ್ಕೆ ಗಟ್ಟಿ ಕಾರಣ ಇದೆ. ಕಾರ್ಡಿನಿಂದ ಕಾಪಿ ಮಾಡಿದ ಫೈಲನ್ನು ಹಾಗೇ ಟೈಮ್‌ಲೈನ್‌ಗೆ ಎಳೆದರೆ ಸಾಕು, ಓಡುತ್ತದೆ. ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದೇ ಮಾಡಿಕೊಳ್ಳುವ ಹಗುರ ನಕಲು ಬೇಡ, ಕಾಯುವುದು ಬೇಡ. ಭಾರ ಹೆಚ್ಚಾಗಿ ಪ್ರೊಸೆಸರ್ ಮೇಲೆ ಬೀಳುವುದರಿಂದ ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೂ ನಡೆಯುತ್ತದೆ. ಮಲ್ಟಿಕ್ಯಾಮ್‌ನಲ್ಲಿ ಮೂರೂ ಕ್ಯಾಮೆರಾ ಒಟ್ಟಿಗೆ ಓಡಿಸಿ, ಕೀಬೋರ್ಡಿನ ಅಂಕಿ ಒತ್ತುತ್ತಾ ಕಟ್ ಮಾಡುತ್ತಾ ಹೋಗಬಹುದು. ಪೂರ್ತಿ ಮದುವೆ ತೋರಿಸುವ ಎರಡೂವರೆ ತಾಸಿನ ಟ್ರೆಡಿಷನಲ್ ವಿಡಿಯೋ ತಯಾರು ಮಾಡುವಾಗ ಬೇಕಾಗುವುದು ಇದೇ ವೇಗ. ಸೀಸನ್‌ನಲ್ಲಿ ಒಂದರ ಹಿಂದೆ ಒಂದು ಮದುವೆ ಬಂದು ಬೀಳುವಾಗ ಇದರ ಬೆಲೆ ಗೊತ್ತಾಗುತ್ತದೆ.

ಕೊರತೆ ಇರುವುದು ಬಣ್ಣದಲ್ಲಿ ಮತ್ತು ಕನ್ನಡ ಅಕ್ಷರದಲ್ಲಿ. ನಮ್ಮಲ್ಲಿರುವ ಹಳೆಯ ಆವೃತ್ತಿಯ ಟೈಟಲರ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತವೆ. 'ಮಲ್ಲಿಕಾರ್ಜುನ' ಅಂತ ಬರೆದರೆ ಲ ಕೆಳಗಿನ ಒತ್ತು ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಅದಕ್ಕೇ ಬಹಳ ಸ್ಟುಡಿಯೋಗಳಲ್ಲಿ ಇನ್ನೂ ನುಡಿಯ ಹಳೆ ಫಾಂಟ್‌ಗಳಲ್ಲೇ ಟೈಪ್ ಮಾಡಿ ತಂದು ಅಂಟಿಸುತ್ತಾರೆ. ಮದುಮಕ್ಕಳ ಹೆಸರು ತಪ್ಪಾಗಿ ಬಂದ ವಿಡಿಯೋ ಆ ಮನೆಯಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಅಲ್ವಾ? ಇದನ್ನು ಸಣ್ಣ ವಿಷಯ ಅಂತ ನಾನು ಯಾವತ್ತೂ ಒಪ್ಪುವುದಿಲ್ಲ.

ಈ ಒಂದು ವಿಷಯದಲ್ಲಿ ಪ್ರೀಮಿಯರ್ ಮುಂದಿದೆ. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಅನ್ನುವುದನ್ನು ಆರಿಸಿದರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಇದು ಗೊತ್ತಿಲ್ಲದೆ "ಪ್ರೀಮಿಯರ್‌ನಲ್ಲಿ ಕನ್ನಡ ಬರಲ್ಲ" ಅನ್ನುವವರು ಇನ್ನೂ ಇದ್ದಾರೆ. ರಿಸಾಲ್ವ್‌ನಲ್ಲಿ ನಾನು ಕನ್ನಡ ಹೆಸರುಗಳನ್ನು ಹೊರಗೆ ಫೋಟೋಶಾಪ್‌ನಲ್ಲಿ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ ತಂದು ಹಾಕುತ್ತೇನೆ. ಸ್ವಲ್ಪ ಸುತ್ತುದಾರಿ, ಆದರೆ ಎಲ್ಲಾ ಸಾಫ್ಟ್‌ವೇರ್‌ಗೂ ನಡೆಯುತ್ತದೆ.

ಈಗ ಬಣ್ಣದ ವಿಷಯ. ಮೂರರ ನಡುವಿನ ನಿಜವಾದ ಅಂತರ ನನಗೆ ಕಂಡಿದ್ದು ಇಲ್ಲೇ.

ನಮ್ಮ ಕಡೆಯ ಮದುವೆಯಲ್ಲಿ ಇಳಕಲ್ ಸೀರೆ ಇದ್ದೇ ಇರುತ್ತದೆ. ಕೆಂಪು ಸೆರಗು, ಅದರ ಮೇಲೆ ಬಿಳಿಯ ತೋಪು ತೆನೆ. ಕಲ್ಯಾಣ ಮಂಟಪದ ಎಲ್‌ಇಡಿ ಲೈಟಿನ ಕೆಳಗೆ ಆ ಕೆಂಪು ಸುಮ್ನೆ ಉರಿಯುತ್ತದೆ. ಸೆರಗಿನ ನೇಯ್ಗೆ, ಮಡಿಕೆ ಏನೂ ಕಾಣದೆ ಬರೀ ಕೆಂಪು ಮುದ್ದೆ. ಬಹಳಷ್ಟು ಕ್ಯಾಮೆರಾಗಳು ಬಣ್ಣದ ಮಾಹಿತಿಯನ್ನು 4:2:0 ಲೆಕ್ಕದಲ್ಲಿ, ಅಂದರೆ ಬೆಳಕಿನ ಮಾಹಿತಿಗಿಂತ ಕಾಲು ಭಾಗ ಮಾತ್ರ ಬರೆದುಕೊಳ್ಳುತ್ತವೆ. ಆದ್ದರಿಂದ ಕೆಂಪು ಮತ್ತು ಬಿಳಿ ಸೇರುವ ಅಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ತೋಪು ತೆನೆಯಲ್ಲಿ ಇರುವುದೆಲ್ಲಾ ಅಂಥ ಅಂಚುಗಳೇ.

ಎಡಿಯಸ್‌ನಲ್ಲಿ ಥ್ರೀ-ವೇ ಕರೆಕ್ಷನ್ ಹಾಕಿ ಕೆಂಪು ಇಳಿಸಿದೆ. ಸೆರಗು ಸರಿಹೋಯಿತು, ಮದುಮಗಳ ಮುಖ ಬಿಳಚಿಕೊಂಡಿತು. ಪ್ರೀಮಿಯರ್‌ನಲ್ಲಿ ಬಣ್ಣ ತಿದ್ದುವ ಲುಮೆಟ್ರಿ ವಿಭಾಗದಲ್ಲಿ ಬಣ್ಣವಾರು ಕರ್ವ್‌ಗಳಿವೆ. ಅಲ್ಲಿ ಕೆಂಪನ್ನು ಮಾತ್ರ ಹಿಡಿದು ಇಳಿಸಬಹುದು. ಫಲ ಚೆನ್ನಾಗಿಯೇ ಬಂತು. ಆದರೆ ಹಣೆಯ ಕುಂಕುಮವೂ ಸೆರಗಿನ ಜೊತೆ ಮಂಕಾಯಿತು. ರಿಸಾಲ್ವ್‌ನಲ್ಲಿ ಮಾಡಿದ ರೀತಿ ಹೀಗೆ: ಮೊದಲ ನೋಡ್‌ನಲ್ಲಿ, ಅಂದರೆ ತಿದ್ದುವ ಮೊದಲ ಹಂತದಲ್ಲಿ, ಒಟ್ಟಾರೆ ಬೆಳಕು ಸರಿಮಾಡಿದೆ. ಎರಡನೆಯದರಲ್ಲಿ ಕ್ವಾಲಿಫೈಯರ್‌ನಿಂದ ಕೆಂಪನ್ನು ಆರಿಸಿ, ಸೆರಗಿನ ಸುತ್ತ ಒಂದು ವಿಂಡೋ ಎಳೆದು, ಟ್ರ್ಯಾಕರ್ ಒತ್ತಿದೆ. ಮದುಮಗಳು ನಡೆದಂತೆ ವಿಂಡೋ ಅವಳ ಹೆಗಲ ಜೊತೆಗೇ ಹೋಯಿತು. ಆಮೇಲೆ ಸೆರಗಿನ ಕೆಂಪನ್ನು ಮಾತ್ರ ಇಳಿಸಿದೆ. ತೆನೆ ಬಿಡಿಬಿಡಿಯಾಗಿ ಕಾಣಿಸಿತು, ಕುಂಕುಮ ಕುಂಕುಮದಂತೆಯೇ ಉಳಿಯಿತು. ಅರಿಷಿಣದ ಶಾಟ್‌ಗಳಲ್ಲೂ ಇದೇ ಉಪಾಯ ಬೇಕು. ಅರಿಷಿಣ ಮತ್ತು ನಮ್ಮ ಮೈಬಣ್ಣ ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ, ವಿಂಡೋ ಇಲ್ಲದೆ ಹಳದಿಯನ್ನು ಮುಟ್ಟಿದರೆ ಕೆನ್ನೆಯೂ ಬದಲಾಗುತ್ತದೆ.

ಇದು ಆಶ್ಚರ್ಯವೇನಲ್ಲ. ಡಾವಿಂಚಿ ಹುಟ್ಟಿದ್ದೇ ಬಣ್ಣ ತಿದ್ದುವ ಯಂತ್ರವಾಗಿ. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಅದನ್ನು ಕೊಂಡಿತು. ಎಡಿಟಿಂಗ್, ಸೌಂಡ್ ಎಲ್ಲಾ ಆಮೇಲೆ ಸೇರಿದ್ದು. ದೊಡ್ಡ ವಿಷಯವೆಂದರೆ ಇದಿಷ್ಟೂ ಉಚಿತ ಆವೃತ್ತಿಯಲ್ಲೇ ಇದೆ. ಆದರೆ ಕ್ಯಾಮೆರಾದಲ್ಲೇ ಕೆಂಪು ಪೂರ್ತಿ ಉರಿದುಹೋಗಿದ್ದರೆ ಯಾವ ಸಾಫ್ಟ್‌ವೇರ್ ಕೂಡ ನೇಯ್ಗೆಯನ್ನು ವಾಪಸ್ ತರಲಾರದು. ಕ್ಯಾಮೆರಾ ಹುಡುಗರಿಗೆ ಹೇಳಬೇಕು: ಇಳಕಲ್ ಸೀರೆ ಕಂಡರೆ ಎಕ್ಸ್‌ಪೋಷರ್ ಒಂದು ಚೂರು ಇಳಿಸ್ರಪ್ಪಾ.

ರಿಸಾಲ್ವ್‌ನ ತೊಂದರೆಗಳೂ ಸಣ್ಣವಲ್ಲ. 4 ಜಿಬಿ ಕಾರ್ಡ್‌ನಲ್ಲಿ ನೋಡ್ ಜಾಸ್ತಿಯಾದರೆ ಜಿಪಿಯು ಮೆಮೊರಿ ತುಂಬಿದೆ ಅಂತ ಹೇಳಿ ನಿಂತುಬಿಡುತ್ತದೆ. ಟೈಮ್‌ಲೈನನ್ನು 1080ಕ್ಕೆ ಇಳಿಸಿ, ಪ್ರಾಕ್ಸಿ ಮಾಡಿಕೊಂಡ ಮೇಲೆ ಕೆಲಸ ಸಾಗಿತು. ಒಂದು ಕ್ಯಾಮೆರಾದ, ಬಣ್ಣದ ಮಾಹಿತಿ ಹೆಚ್ಚಿರುವ 10-ಬಿಟ್ 4:2:2 ಫೈಲ್ ನಮ್ಮ ಉಚಿತ ಆವೃತ್ತಿಯಲ್ಲಿ ತೆರೆಯಲೇ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿ ಬೇಕಾಯಿತು. ಇನ್ನೊಂದು, ಪ್ರಾಜೆಕ್ಟ್ ಒಂದು ಫೈಲಾಗಿ ಫೋಲ್ಡರ್‌ನಲ್ಲಿ ಇರುವುದಿಲ್ಲ, ಡೇಟಾಬೇಸ್ ಒಳಗಿರುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸುವ ಮೊದಲು ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಲೇಬೇಕು. ಪ್ರೀಮಿಯರ್, ಎಡಿಯಸ್ ಕಲಿತು ಬಂದವರಿಗೆ ಇದು ಹೊಳೆಯುವುದೇ ಇಲ್ಲ.

ಸಿಂಕ್, ಅಂದರೆ ಎಲ್ಲಾ ಕ್ಯಾಮೆರಾಗಳನ್ನು ಒಂದೇ ಕ್ಷಣಕ್ಕೆ ಹೊಂದಿಸುವ ವಿಷಯಕ್ಕೆ ಬಂದರೆ, ಪ್ರೀಮಿಯರ್ ಮತ್ತು ರಿಸಾಲ್ವ್ ಎರಡೂ ಧ್ವನಿಯ ಅಲೆ ನೋಡಿ ಕ್ಯಾಮೆರಾಗಳನ್ನು ತಾವೇ ಹೊಂದಿಸುತ್ತವೆ. ಮಂತ್ರ ನಡೆಯುವ ಭಾಗದಲ್ಲಿ ಎರಡೂ ಚೆನ್ನಾಗಿ ಮಾಡಿದವು. ಕರಡಿ ಮಜಲು ವಾದ್ಯ ಶುರುವಾದ ಮೇಲೆ ಎರಡೂ ಎಡವಿದವು. ಒಂದೇ ಸಮನೆ ಜೋರಾಗಿ ಬೀಳುವ ಪೆಟ್ಟು, ಮೈಕ್ ಬೇರೆ ಒಡೆದುಹೋಗಿರುತ್ತದೆ. ಅಲೆಯೆಲ್ಲಾ ಒಂದೇ ಥರ ಕಂಡರೆ ಸಾಫ್ಟ್‌ವೇರ್ ಯಾವುದನ್ನು ಅಂತ ಹಿಡಿಯುತ್ತದೆ? ಅಲ್ಲಿ ಕರಡಿ ಬಾರಿಸುವವರ ಕೋಲು ಚರ್ಮಕ್ಕೆ ತಾಗುವ ಫ್ರೇಮ್ ನೋಡಿ ಕೈಯಿಂದಲೇ ಹೊಂದಿಸಿದೆ. ಬೀಗರ ಮೊಬೈಲ್ ಕ್ಲಿಪ್ಪುಗಳದ್ದು ಬೇರೆಯೇ ಗೋಳು. ಮೊಬೈಲಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ, ಏರುಪೇರಾಗುತ್ತಿರುತ್ತದೆ. ಶುರುವಿನಲ್ಲಿ ಸರಿ ಇದ್ದ ತುಟಿ ಕೊನೆಗೆ ಬರುವಷ್ಟರಲ್ಲಿ ಮಾತಿಗಿಂತ ಹಿಂದೆ ಬಿದ್ದಿರುತ್ತದೆ. ಯಾವ ಸಾಫ್ಟ್‌ವೇರ್ ಆದರೂ, ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಾಯಿಸುವ ಸಾಫ್ಟ್‌ವೇರ್‌ನಲ್ಲಿ ಸೆಕೆಂಡಿಗೆ ಒಂದೇ ಸಮನಾದ 25 ಫ್ರೇಮ್‌ಗೆ ಬದಲಾಯಿಸಿಕೊಂಡು ಆಮೇಲೆ ಟೈಮ್‌ಲೈನ್‌ಗೆ ಹಾಕಿ.

ಇನ್ನು ಕಟ್. ಹೆಣ್ಣು ಒಪ್ಪಿಸುವ ಭಾಗದಲ್ಲಿ ತಾಯಿ "ನಮ್ಮ ಮಗಳನ್ನ ನಿಮ್ಮ ಉಡ್ಯಾಗ ಹಾಕೀವ್ರಿ" ಅನ್ನುತ್ತಾರೆ. ಆ ಮಾತು ಮುಗಿಯುವ ಮೊದಲೇ ಚಿತ್ರ ಅಪ್ಪನ ಮುಖಕ್ಕೆ ಹೋಗಬೇಕು, ಮಾತು ಮಾತ್ರ ಕೆಳಗೆ ಮುಂದುವರಿಯಬೇಕು. ಅದಕ್ಕೆ ಚಿತ್ರದ ಕಟ್ಟನ್ನು ಫ್ರೇಮ್ ಫ್ರೇಮ್ ಲೆಕ್ಕದಲ್ಲಿ ಆಚೆ ಈಚೆ ಸರಿಸಿ ನೋಡಬೇಕು. ಅಪ್ಪ ಕಣ್ಣು ಕೆಳಗೆ ಮಾಡುವ ಮೊದಲು ಕಟ್ ಬೀಳಬೇಕೋ, ಆಮೇಲೋ? ಒಂದೆರಡು ಫ್ರೇಮ್‌ನಲ್ಲಿ ಭಾವವೇ ಬದಲಾಗುತ್ತದೆ. ಈ ಕೆಲಸಕ್ಕೆ ನನ್ನ ಕೈ ಒಗ್ಗಿದ್ದು ಪ್ರೀಮಿಯರ್‌ನಲ್ಲಿ. ಕ್ಯೂ ಮತ್ತು ಡಬ್ಲ್ಯೂ ಒತ್ತಿದರೆ ಕ್ಲಿಪ್ಪಿನ ಬೇಡದ ತಲೆ, ಬಾಲ ಹೋಗಿ ಉಳಿದದ್ದು ತಾನೇ ಸೇರಿಕೊಳ್ಳುತ್ತದೆ. ರಿಸಾಲ್ವ್‌ನ ಟ್ರಿಮ್ ಮೋಡ್ ಕೂಡ ಅಷ್ಟೇ ಚೆನ್ನಾಗಿದೆ. ಕೀಬೋರ್ಡ್ ಸೆಟಿಂಗ್‌ನಲ್ಲಿ ಪ್ರೀಮಿಯರ್ ಅಂತ ಆರಿಸಿದರೆ ಹಳೆ ಅಭ್ಯಾಸವೂ ನಡೆಯುತ್ತದೆ. ಎಡಿಯಸ್‌ನಲ್ಲೂ ಆಗುತ್ತದೆ, ಆದರೆ ನನಗೆ ಅದು ಓಡಿಸುವ ಸಾಫ್ಟ್‌ವೇರ್. ನಿಂತು ನೋಡುವ ಕೆಲಸಕ್ಕೆ ಬಾ ಅಂತ ಅದು ಕರೆಯುವುದಿಲ್ಲ.

ಜಾನಪದ ಹಾಡಿನ ಕೆಲಸದಲ್ಲಿ ಸ್ಲೋಮೋಷನ್ ಬಹಳ ಕೇಳುತ್ತಾರೆ. ತುಟಿ ಹಾಡಿಗೆ ಹೊಂದಬೇಕಾದರೆ ಶೂಟಿಂಗ್‌ನಲ್ಲೇ 50 ಫ್ರೇಮ್‌ನಲ್ಲಿ ತೆಗೆದು, ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಹಾಡಿಸಬೇಕು. ಆಮೇಲೆ 25ಕ್ಕೆ ಇಳಿಸಿದರೆ ಮೂರರಲ್ಲೂ ಒಂದೇ ಫಲ.

ದುಡ್ಡಿನ ಲೆಕ್ಕ. ಪ್ರೀಮಿಯರ್ 2013ರಿಂದ ಬಾಡಿಗೆ ಪದ್ಧತಿಗೆ ಹೋಗಿದೆ. ನಿಲ್ಲಿಸದೆ ಇಟ್ಟುಕೊಂಡರೆ ಕೆಲಸ ಇಲ್ಲದ ತಿಂಗಳೂ ಕಟ್ಟಬೇಕು. ಶೂನ್ಯಮಾಸದಲ್ಲಿ, ಆಷಾಢದಲ್ಲಿ ನಮಗೆ ಅದು ಭಾರವೇ. ಎಡಿಯಸ್ ಒಮ್ಮೆ ಕೊಂಡರೆ ಆ ಆವೃತ್ತಿ ನಿಮ್ಮದು. ರಿಸಾಲ್ವ್ ಸ್ಟುಡಿಯೋ 295 ಡಾಲರ್, ಒಂದೇ ಸಲ, ಎರಡು ಮಷಿನ್‌ಗೆ ಹಾಕಬಹುದು. ಮ್ಯಾಕ್ ಇದ್ದವರಿಗೆ ಫೈನಲ್ ಕಟ್ ಇದೆ. ಬೆಳಗಾವಿಯ ಗೆಳೆಯನ ಮಷಿನ್‌ನಲ್ಲಿ ನೋಡಿದ್ದೇನೆ, ಬಹಳ ವೇಗ. ಆದರೆ ಅದಕ್ಕಾಗಿ ಮ್ಯಾಕ್ ಕೊಳ್ಳಿ ಅಂತ ಯಾರಿಗೂ ಹೇಳಲಾರೆ. ಕ್ರ್ಯಾಕ್ ಮಾಡಿದ ಕಾಪಿ ಹಾಕಿಕೊಳ್ಳುವವರಿಗೆ ಒಂದು ಮಾತು: ಇಂಥ ಒಳ್ಳೆಯ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತಿರುವಾಗ ಗಿರಾಕಿಯ ಮದುವೆ ಫುಟೇಜ್ ಇರುವ ಮಷಿನ್‌ಗೆ ವೈರಸ್ ಯಾಕೆ ತರಬೇಕು?

ನನ್ನ ಮಟ್ಟಿಗೆ ತೀರ್ಮಾನ ಆಗಿದೆ. ಟ್ರೆಡಿಷನಲ್ ವಿಡಿಯೋ ಎಡಿಯಸ್‌ನಲ್ಲಿ, ಹೈಲೈಟ್ ಮತ್ತು ಹಾಡು ರಿಸಾಲ್ವ್‌ನಲ್ಲಿ. ಪ್ರೀಮಿಯರ್ ಬಾಡಿಗೆ ನಿಲ್ಲಿಸಿದ್ದೇನೆ. ಬೆಂಗಳೂರಿನ ಕೆಲಸ ಬಂದ ತಿಂಗಳು ಮಾತ್ರ ಕಟ್ಟುತ್ತೇನೆ, ಯಾಕೆಂದರೆ ಅಲ್ಲಿಂದ ಬರುವ ಪ್ರಾಜೆಕ್ಟ್ ಫೈಲುಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ.

ಹೊಸದಾಗಿ ಕಲಿಯುವವರು ರಿಸಾಲ್ವ್‌ನಿಂದ ಶುರುಮಾಡಿ. ಸ್ಟುಡಿಯೋ ಕೆಲಸಕ್ಕೆ ಸೇರಿದರೆ ಎಡಿಯಸ್ ಅಲ್ಲೇ ಕೈಗೆ ಹತ್ತುತ್ತದೆ. ಸಿನಿಮಾ ಎಡಿಟರ್ ಆಗಬೇಕು ಅನ್ನುವವರಿಗೆ ಇದು ಸಾಲದು. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ (ಎಫ್‌ಟಿಐಐ) ಎಡಿಟಿಂಗ್‌ಗೇ ಪ್ರತ್ಯೇಕ ಕೋರ್ಸ್ ಇದೆ. 1960ರಿಂದ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ನಡೆಯುತ್ತಿರುವ ಸಂಸ್ಥೆ ಅದು. ಡಿಗ್ರಿ ಮುಗಿಸಿ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಹುಡುಗರು ಬೆಂಗಳೂರನ್ನೇ ನೋಡುತ್ತಾರೆ. ಸೊಲ್ಲಾಪುರದ ಮೇಲೆ ಹೋದರೆ ಪುಣೆ ನಮಗೆ ಅದಕ್ಕಿಂತ ದೂರವೇನಲ್ಲ. ಮನೆಯಲ್ಲಿ ಕೇಳಿದರೆ ಧಾರಾಳವಾಗಿ ನನ್ನ ಹತ್ತಿರ ಕರೆದುಕೊಂಡು ಬನ್ನಿ, ಅಪ್ಪ ಅವ್ವನ ಜೊತೆ ನಾನೇ ಮಾತಾಡುತ್ತೇನೆ.